ಒಂದೇ ಪಂಜರ, ಮೂರು ಜಾತಿ ಫಿಂಚ್: ಜಗಳ ಇಲ್ದೆ ಸಾಕೋದು ಹೇಗೆ?

ಪೆಟ್ ಶಾಪಲ್ಲಿ ಒಂದೇ ಪಂಜರದೊಳಗೆ ಕಾಳು ತಿನ್ನೋ ಪುಟ್ಟ ಹಕ್ಕಿಗಳಾದ ಮೂವತ್ತು ನಲವತ್ತು ಫಿಂಚ್‌ಗಳು ಕೋಲಿನ ಮೇಲೆ ಸಾಲಾಗಿ ಕೂತಿರೋದು ನೋಡಿ, ಅಬ್ಬಾ ಎಷ್ಟು ಹೊಂದ್ಕೊಂಡಿವೆ ಅಂತ ಮರುಳಾಗಿ ಮನೆಗೆ ತಂದವರಲ್ಲಿ ನಾನೂ ಒಬ್ಬ. ಅಲ್ಲಿ ಜಗಳ ಇಲ್ದೇ ಇರೋದಕ್ಕೆ ದೊಡ್ಡ ಕಾರಣ ಅಲ್ಲಿ ಗೂಡು ಇರಲ್ಲ ಅನ್ನೋದು ಆಗ ತಲೆಗೇ ಹೋಗ್ಲಿಲ್ಲ. ನಾನು ಎರಡು ಮಣ್ಣಿನ ಕುಡಿಕೆ ಕಟ್ಟಿ, ಒಂದು ಹಿಡಿ ತೆಂಗಿನ ನಾರು ಹಾಕಿದ್ದೇ ತಡ, ಮೂರನೇ ದಿನಕ್ಕೆ ಝೀಬ್ರಾ ಅನ್ನೋ ಜಾತಿಯ ಗಂಡು ಫಿಂಚ್, ಬೆಂಗಾಲೀಸ್ ಅನ್ನೋ ಇನ್ನೊಂದು ಜಾತಿ ಫಿಂಚ್ ಹಿಂದೆ ಹಿಂದೆ ಹಾರಿ ಅದರ ಬೆನ್ನಿನ ಪುಕ್ಕ ಒಂದೊಂದೇ ಕಿತ್ಕೊಂಡು ಹೋಗಿ ತನ್ನ ಕುಡಿಕೆಯೊಳಗೆ ಹಾಸ್ಕೊಳ್ತಾ ಇತ್ತು. ಪಾಪ ಆ ಬೆಂಗಾಲೀಸ್ ತಿರುಗಿ ಕುಟ್ಟೋದೂ ಇಲ್ಲ, ಮುದುಡಿಕೊಂಡು ಮೂಲೆಗೆ ಹೋಗಿ ಕೂರೋದು. ವಾರದಲ್ಲಿ ಬೆನ್ನು ಬೋಳು.

ಹಾಗಾಗಿ ಮೊದಲು ಒಂದು ವಿಷಯ ತೀರ್ಮಾನ ಮಾಡ್ಕೊಳ್ಳಿ, ನಿಮಗೆ ಮರಿ ಬೇಕಾ, ನೋಡೋಕೆ ಹಕ್ಕಿ ಬೇಕಾ? ಮರಿ ಬೇಕು ಅಂದ್ರೆ ಜೋಡಿಗೊಂದು ಬೇರೆ ಪಂಜರ ಇಡಿ, ಈ ಲೇಖನ ನಿಮಗಲ್ಲ. ನೋಡೋಕೆ ಅಂದ್ರೆ ಮುಂದೆ ಓದಿ.

ಹೆಜ್ಜೆ 1: ಯಾರ ಜೊತೆ ಯಾರು

ಝೀಬ್ರಾ, ಬೆಂಗಾಲೀಸ್, ಗೋಲ್ಡಿಯನ್ ಈ ಮೂರೂ ಹೆಚ್ಚುಕಮ್ಮಿ ಒಂದೇ ಸೈಜು, ಒಂದೇ ತರ ಊಟ. ಬೆಂಗಾಲೀಸ್ ಇದ್ಯಲ್ಲ, ಅದು ಕಾಡಲ್ಲಿ ಎಲ್ಲೂ ಸಿಗಲ್ಲ, ಚೀನಾ ಜಪಾನ್ ಕಡೆ ಮನುಷ್ಯರೇ ತಲೆಮಾರುಗಟ್ಲೆ ಸಾಕಿ ಸಾಕಿ ಮಾಡಿದ ಹಕ್ಕಿ, ಅದಕ್ಕೇ ಅಷ್ಟು ಸಾಧು. ಗೋಲ್ಡಿಯನ್ ಆಸ್ಟ್ರೇಲಿಯಾದ್ದು, ನೇರಳೆ ಎದೆ, ಹಳದಿ ಹೊಟ್ಟೆ, ಹಸಿರು ಬೆನ್ನು, ನಮ್ಮಮ್ಮ ಅದನ್ನ ಮೊದಲ ಸಲ ನೋಡಿ ಇದಕ್ಕೆ ಯಾರೋ ಪೇಂಟ್ ಹೊಡ್ದಿದಾರೆ ಅಂದಿದ್ರು. ಅಂದ ಹಾಗೆ ಆ ಹೆಸರಿಗೂ ಚಿನ್ನಕ್ಕೂ ಸಂಬಂಧ ಇಲ್ಲ, ಜಾನ್ ಗೂಲ್ಡ್ ಅನ್ನೋ ಇಂಗ್ಲೆಂಡಿನ ಪಕ್ಷಿತಜ್ಞ ತೀರಿಹೋದ ತನ್ನ ಹೆಂಡತಿ ಎಲಿಜಬೆತ್ ನೆನಪಿಗೆ 1844ರಲ್ಲಿ ಇಟ್ಟ ಹೆಸರು ಅದು. ಇದೂ ಸಾಧುವೇ, ಆದ್ರೆ ದುಬಾರಿ ಮತ್ತು ಚಳಿ ತಡೆಯಲ್ಲ. ಮೂವರಲ್ಲಿ ರೌಡಿ ಅಂದ್ರೆ ಝೀಬ್ರಾ. ಇರೋದು ಹನ್ನೆರಡು ಗ್ರಾಮ್ ತೂಕ, ಗತ್ತು ಮಾತ್ರ ಹುಂಜದ್ದು. ಹಾಗಾಗಿ ಝೀಬ್ರಾ ಒಂದೇ ಜೋಡಿ ಸಾಕು.

ಜಾವಾ ಗುಬ್ಬಿನ ಇವುಗಳ ಜೊತೆ ಬಿಡಬೇಡಿ ಅನ್ನೋದು ನನ್ನ ಅಭಿಪ್ರಾಯ, ಕೆಲವರು ಬಿಡ್ತಾರೆ, ಆದ್ರೆ ಝೀಬ್ರಾದ ಎರಡರಷ್ಟು ತೂಕ, ದಪ್ಪ ಕೊಕ್ಕು, ಊಟದ ಬಟ್ಟಲ ಹತ್ರ ಯಾರನ್ನೂ ಬಿಟ್ಕೊಳ್ಳಲ್ಲ. ಕಟ್ ಥ್ರೋಟ್ ಅನ್ನೋ ಫಿಂಚ್ ಕೂಡ ಬೇಡ. ಇನ್ನು ನಮ್ಮ ಕಡೆ ಎಲ್ರೂ ಲವ್ ಬರ್ಡ್ಸ್ ಅಂತ ಕರೆಯೋ ಬಡ್ಜಿ ಗಿಳಿಗಳು, ಖಂಡಿತಾ ಬೇಡ. ಅವು ಫಿಂಚ್ ಕಾಲನ್ನ ಕಚ್ಚಿ ಮುರಿದು ಹಾಕ್ತವೆ.

ಇನ್ನೊಂದು, ನಮ್ಮ ಹೊಲದ ಬದಿ ಸಿಗೋ ರಾಟವಾಳ, ಕೆಂಪು ರಾಟವಾಳ ಇವನ್ನ ಹಿಡಿಯೋದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅವಕ್ಕೇ ಗುಲಾಬಿ, ಹಸಿರು ಬಣ್ಣ ಬಳಿದು ಫಾರಿನ್ ಹಕ್ಕಿ ಅಂತ ಮಾರೋರೂ ಇದಾರೆ, ಪುಕ್ಕದ ಬುಡ ಬೇರೆ ಬಣ್ಣ ಇದ್ರೆ ಹುಷಾರು.

ಹೆಜ್ಜೆ 2: ಪಂಜರ

ಫಿಂಚ್ ಗಿಳಿ ತರ ಹತ್ತಿ ಇಳಿಯಲ್ಲ, ಆ ಕಡೆಯಿಂದ ಈ ಕಡೆ ಹಾರತ್ತೆ, ಅದಕ್ಕೇ ಎತ್ತರದ ಗೋಪುರದ ತರದ ಪಂಜರ ನೋಡೋಕೆ ಚಂದ, ಹಕ್ಕಿಗೆ ವೇಸ್ಟ್. ಮೂರು ಜೋಡಿಗೆ ಕಡಿಮೆ ಅಂದ್ರೂ ನಾಲ್ಕಡಿ ಉದ್ದ ಇರ್ಲಿ. ಕಂಬಿ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಸಂದು ಬೇಡ. ಕೂರೋ ಕೋಲುಗಳನ್ನ ಎರಡೂ ತುದಿಯಲ್ಲಿ ಮೇಲ್ಗಡೆ ಒಂದೇ ಎತ್ತರಕ್ಕೆ ಕಟ್ಟಿ, ಯಾಕಂದ್ರೆ ರಾತ್ರಿ ಎಲ್ಲಕ್ಕೂ ಎತ್ತರದ ಜಾಗನೇ ಬೇಕು, ಒಂದೇ ಕೋಲು ಎತ್ತರದಲ್ಲಿದ್ರೆ ಸಂಜೆ ಆರೂವರೆಗೆ ದಿನಾ ಬಸ್ಸಲ್ಲಿ ಸೀಟಿಗೆ ಕಿತ್ತಾಡಿದ ಹಾಗೆ. ಸೀಬೆ ಕೊಂಬೆ ಸಿಕ್ರೆ ಪ್ಲಾಸ್ಟಿಕ್ ಕೋಲು ತೆಗೆದು ಅದನ್ನೇ ಹಾಕಿ.

ಬಾಲ್ಕನಿಯಲ್ಲಿಟ್ರೆ ಬೆಕ್ಕು, ಇಲಿ, ಕಾಗೆ ಎಲ್ಲದರ ಕಾಟ. ಸ್ಟ್ಯಾಂಡ್ ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ರೆ ಇರುವೆ ಹತ್ತಲ್ಲ. ಒಳಗಿಡೋದಾದ್ರೆ ಅಡುಗೆಮನೆಯಿಂದ ದೂರ, ನಾನ್ ಸ್ಟಿಕ್ ತವಾ ಅತಿಯಾಗಿ ಕಾದು ಬರೋ ಹೊಗೆಗೆ ಈ ಪುಟ್ಟ ಹಕ್ಕಿಗಳು ನಿಮಿಷಗಳಲ್ಲಿ ಸಾಯಬಹುದು.

ಹೆಜ್ಜೆ 3: ಒಂದು ತಿಂಗಳು ಬೇರೆ

ಹೊಸ ಹಕ್ಕಿ ತಂದ ದಿನವೇ ಒಟ್ಟಿಗೆ ಬಿಡಬಾರ್ದು. ಬೇರೆ ರೂಮಲ್ಲಿ ಸಣ್ಣ ಪಂಜರದಲ್ಲಿ ಮೂವತ್ತು ದಿನ ಇಡಿ. ರಾತ್ರಿ ಲೈಟ್ ಆಫ್ ಮಾಡಿ ಕಿವಿಗೊಟ್ಟು ಕೇಳಿ, ಉಸಿರಾಡುವಾಗ ಟಿಕ್ ಟಿಕ್ ಅಂತ ಸಣ್ಣ ಸದ್ದು ಬಂದ್ರೆ ಗಾಳಿಚೀಲಕ್ಕೆ ನುಸಿ ಸೇರಿರಬಹುದು, ಗೋಲ್ಡಿಯನ್‌ಗೆ ಇದು ಜಾಸ್ತಿ. ಹಕ್ಕಿ ನೋಡೋ ಡಾಕ್ಟರ ಹತ್ರ ಹೋಗಿ, ಗೂಗಲ್ ನೋಡಿ ನೀವೇ ಔಷಧಿ ಹಾಕ್ಬೇಡಿ.

ಹೆಜ್ಜೆ 4: ಊಟ

ಬಟ್ಟಲು ಎರಡೆರಡು ಇರ್ಬೇಕು, ಪಂಜರದ ಎರಡು ತುದಿಗೆ, ಒಬ್ಬನೇ ಎರಡನ್ನೂ ಕಾಯೋಕಾಗಲ್ಲ. ಕಾಳು ಅಂದ್ರೆ ನಮ್ಮ ನವಣೆ, ಸಾಮೆ, ಬರಗು ಇವೇ. ಆದ್ರೆ ಅಂಗಡಿಯಲ್ಲಿ ನಾವು ಅನ್ನಕ್ಕೆ ತರೋ ಪಾಲಿಶ್ ಮಾಡಿದ್ದಲ್ಲ, ಹೊಟ್ಟು ಬಿಡಿಸದ ಇಡೀ ಕಾಳು. ನವಣೆ ತೆನೆನೇ ಸಿಕ್ರಂತೂ ಹಬ್ಬ, ಪೆಟ್ ಶಾಪಲ್ಲಿ ಪ್ಯಾಕೆಟ್ ಮಾಡಿ ಸ್ಪ್ರೇ ಮಿಲೆಟ್ ಅಂತ ಮಾರೋದು ಅದನ್ನೇ, ಊರಲ್ಲಿ ಬೆಳೆಯೋರಿದ್ರೆ ಒಂದು ಕಂತೆ ತರಿಸಿ ಒಣಗಿಸಿ ಇಟ್ಕೊಳ್ಳಿ.

ಹೊಸಬರೆಲ್ಲ ಮಾಡೋ ತಪ್ಪು ಒಂದಿದೆ. ಫಿಂಚ್ ಕಾಳು ಸುಲಿದು ಹೊಟ್ಟನ್ನ ಅಲ್ಲೇ ಬಟ್ಟಲಲ್ಲೇ ಬಿಡತ್ತೆ, ಮೇಲಿಂದ ನೋಡಿದ್ರೆ ಬಟ್ಟಲು ತುಂಬಿದೆ ಅನ್ಸತ್ತೆ, ಇನ್ನೂ ಇದ್ಯಲ್ಲ ಅಂತ ನಾವು ಸುಮ್ನಿದ್ರೆ ಹಕ್ಕಿ ಉಪವಾಸ. ದಿನಾ ಬೆಳಿಗ್ಗೆ ಬಟ್ಟಲು ಹೊರಗೆ ತಂದು ಉಫ್ ಅಂತ ಊದಿ, ಹೊಟ್ಟು ಹಾರಿದ ಮೇಲೆ ತಳದಲ್ಲಿ ಎಷ್ಟು ಕಾಳು ಉಳಿದಿದೆ ನೋಡಿ. ಗಾಳಿಗೆ ಎದುರು ನಿಂತು ಊದಬೇಡಿ, ಕಣ್ಣಿಗೆ ಬೀಳತ್ತೆ, ಅನುಭವದ ಮಾತು.

ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕೊಡಿ, ಜೊತೆಗೆ ಕೊತ್ತಂಬರಿ ಸೊಪ್ಪು, ಎರಡು ಗಂಟೆಯಾದ್ಮೇಲೆ ಉಳಿದ ಮೊಟ್ಟೆ ತೆಗೆದುಬಿಡಿ. ಸುಣ್ಣದಂಶಕ್ಕೆ ಕಟಲ್ ಬೋನ್ (ಕಟಲ್ ಫಿಶ್ ಅನ್ನೋ ಸಮುದ್ರ ಜೀವಿಯ ಒಳಚಿಪ್ಪು) ಸಿಗಿಸಿ. ಬೆಣ್ಣೆಹಣ್ಣು, ಈರುಳ್ಳಿ, ಚಾಕೊಲೇಟ್ ಮುಟ್ಟಿಸಲೇಬೇಡಿ.

ಹೆಜ್ಜೆ 5: ಗೂಡು ಬೇಡ

ಕುಡಿಕೆ, ಬುಟ್ಟಿ, ನಾರು, ಹತ್ತಿ ಯಾವುದೂ ಒಳಗಿರಬಾರ್ದು. ಬೆಂಗಾಲೀಸ್ ಅಂತೂ ಎಲ್ಲಿ ಗೂಡು ಕಂಡ್ರೂ ಅಲ್ಲಿ ಎಲ್ಲಾ ಒಟ್ಟಿಗೆ ಮಲಗೋ ಸ್ವಭಾವದ್ದು, ಪಕ್ಕದವರ ಮೊಟ್ಟೆ ಮೇಲೇ ಹೋಗಿ ಕೂರತ್ತೆ. ಝೀಬ್ರಾ ಆದ್ರೆ ಗೂಡಿಲ್ದಿದ್ರೂ ಕಾಳಿನ ಬಟ್ಟಲಲ್ಲೇ ಮೊಟ್ಟೆ ಇಡೋ ಹಠಮಾರಿ, ಹಾಗೆ ಇಟ್ರೆ ಅದೇ ದಿನ ತೆಗೀರಿ, ಮೊಟ್ಟೆ ಆಹಾರ ಸ್ವಲ್ಪ ದಿನ ನಿಲ್ಸಿ. ಮೇಲಿಂದ ಮೇಲೆ ಮೊಟ್ಟೆ ಇಟ್ಟು ಹೆಣ್ಣು ಸೊರಗತ್ತೆ, ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು, ತಡ ಮಾಡದೆ ಡಾಕ್ಟರ ಹತ್ರ ಓಡಿ.

ಹೆಜ್ಜೆ 6: ಒಟ್ಟಿಗೆ ಬಿಡೋ ದಿನ

ಮೊದಲು ಬೆಂಗಾಲೀಸ್, ಎರಡು ದಿನ ಬಿಟ್ಟು ಗೋಲ್ಡಿಯನ್, ಕೊನೆಗೆ ಝೀಬ್ರಾ. ಜಾಗ ತನ್ನದು ಅಂತ ಝೀಬ್ರಾ ಮೊದಲೇ ಹಕ್ಕು ಸ್ಥಾಪಿಸಿಬಿಟ್ರೆ ಆಮೇಲೆ ಬಂದವರಿಗೆ ನರಕ. ಬೆಳಿಗ್ಗೆ ಹೊತ್ತೇ ಬಿಡಿ, ರಜಾ ದಿನ ಆದ್ರೆ ಒಳ್ಳೇದು, ದಿನವಿಡೀ ಕಣ್ಣಿಡಬಹುದು. ಒಂದೆರಡು ಸಲ ಅಟ್ಟಿಸಿಕೊಂಡು ಹೋಗೋದು ಮಾಮೂಲು, ಒಂದೇ ಹಕ್ಕಿನ ಬಿಡದೆ ಕಾಡ್ತಿದ್ರೆ, ಅಥವಾ ಪುಕ್ಕ ಬಾಯಲ್ಲಿ ಕಂಡ್ರೆ, ಅದು ಜಗಳ.

ಆಗ ನಾವು ಹೊಡೆಸಿಕೊಂಡ ಹಕ್ಕಿನ ಹೊರಗೆ ತೆಗೀತೀವಿ, ಅದು ಉಲ್ಟಾ. ಹೊಡೆದವನನ್ನ ತೆಗೀರಿ. ಒಂದು ವಾರ ಬೇರೆ ರೂಮಲ್ಲಿಟ್ಟು, ಅಷ್ಟರಲ್ಲಿ ಕೋಲು, ಬಟ್ಟಲು ಎಲ್ಲದರ ಜಾಗ ಬದಲಾಯಿಸಿಬಿಡಿ. ವಾಪಸ್ ಬಂದಾಗ ಅವನಿಗದು ಹೊಸ ಮನೆ. ನಮ್ಮ ಝೀಬ್ರಾ ಗಂಡು ವಾರ ಬಿಟ್ಟು ಬಂದವನು ಎರಡು ಗಂಟೆ ಒಂದೇ ಕೋಲಲ್ಲಿ ಅಲ್ಲಾಡದೆ ಕೂತಿದ್ದ, ಬೋಳು ಬೆನ್ನಿನ ಬೆಂಗಾಲೀಸೇ ಮೆಲ್ಲಗೆ ಸರಿದು ಬಂದು ಪಕ್ಕದಲ್ಲಿ ಕೂತ್ಕೊಳ್ತು.