ನಮ್ಮ ಕ್ರಾಸ್‌ಗೆ ನಾವೇ ಕಾವಲು ಅಂತ ಹೊರಟಾಗ ಆಗಿದ್ದು

ನಮ್ದು ಮೈಸೂರು ರಿಂಗ್ ರೋಡ್ ಪಕ್ಕದ ಬಡಾವಣೆ, ಅರ್ಧಕ್ಕರ್ಧ ಸೈಟು ಖಾಲಿ, ಬರೀ ಗಿಡಗಂಟಿ. ಒಂದು ದಸರಾ ರಜೇಲಿ ಊರಿಗೆ ಹೋಗಿದ್ದೋರ ಎರಡು ಮನೆ ಒಂದೇ ವಾರದಲ್ಲಿ ಒಡೆದ್ರು. ಎರಡೂ ಮನೆ ಗೇಟಿಗೆ ಹೊರಗಡೆಯಿಂದ ದಪ್ಪ ಬೀಗ, ಕಾಂಪೌಂಡ್ ಒಳಗೆ ನಾಕು ದಿನದ ಪೇಪರ್, ಮಟಮಟ ಮಧ್ಯಾಹ್ನಾನೂ ಪೋರ್ಟಿಕೋ ಲೈಟ್ ಉರೀತಾ ಇತ್ತು, ಕಳ್ಳಂಗೆ ಇನ್ನೇನ್ ಬೇಕು. ನಾನು ದಿನಾ ವಾಕಿಂಗ್ ಹೋಗೋವಾಗ ಆ ಪೇಪರ್‌ಗಳನ್ನ ನೋಡ್ಕೊಂಡೇ ಹೋಗಿದೀನಿ, ಎತ್ತಿಡೋಣ ಅಂತ ಒಂದಿನಾನೂ ಅನ್ನಿಸ್ಲಿಲ್ಲ.

ಮೀಟಿಂಗ್ ಮಾಡಿದ್ವಿ. ಗಂಡಸ್ರೆಲ್ಲ ಟಾರ್ಚು ದೊಣ್ಣೆ ವಿಷಲ್ ಹಿಡ್ಕೊಂಡು ರಾತ್ರಿ ಗಸ್ತು ಅಂತ ಹೊರಟ್ರು. ಮೊದಲನೇ ವಾರ ಹತ್ತು ಜನ, ಎರಡನೇ ವಾರ ನಾಕು ಜನ, ಮೂರನೇ ವಾರ ನಮ್ಮನೆಯವ್ರು ಒಬ್ರೇ ಹೋಗಿ ಬೀದಿನಾಯಿಗಳ ಹತ್ರ ಬೊಗಳಿಸ್ಕೊಂಡು ಬಂದು ಮಲಗಿದ್ರು, ಅಲ್ಲಿಗೆ ಗಸ್ತು ಮುಗೀತು.

ಆಮೇಲೆ ಮನೆಗಿಷ್ಟು ಅಂತ ಚಂದಾ ಎತ್ತಿ ನಾಕು ಕ್ಯಾಮೆರಾ ಹಾಕ್ಸಿದ್ವಿ. ಸ್ವಲ್ಪ ದಿನಕ್ಕೆ ಮೂರನೇ ಮನೆ ಹುಡುಗನ ಬೈಕ್ ರಾತ್ರೋರಾತ್ರಿ ಹೋಯ್ತು, ನಮ್ಮ ಏರಿಯಾ ಗಸ್ತು ನೋಡ್ಕೊಳ್ಳೋ ಬೀಟ್ ಪೊಲೀಸ್ನೋರು ಬಂದು ಫೂಟೇಜ್ ತೋರ್ಸಿ ಅಂದ್ರು, ಹಾಕಿ ನೋಡಿದ್ರೆ ಪರದೆ ತುಂಬ ಹಾಲು ಚೆಲ್ದಂಗೆ ಬಿಳಿ. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿತ್ತು, ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಹೊಡೆದು ವಾಪಸ್ ಬರ್ತಿತ್ತು. ಇನ್ನೊಂದರಲ್ಲಿ ಹೆಡ್‌ಲೈಟ್ ಬೆಳಕಿಗೆ ನಂಬರ್ ಪ್ಲೇಟೇ ಮಾಯ, ಟೈಮ್ ಬೇರೆ ನಲವತ್ತು ನಿಮಿಷ ಹಿಂದೆ. "ಮೇಡಂ, ಜೇಡ ಮಾತ್ರ ಚೆನ್ನಾಗಿ ಕಾಣ್ತಿದೆ" ಅಂದ್ರು ಅವ್ರು, ನಗಬೇಕೋ ಅಳಬೇಕೋ. ಈಗ ತಿಂಗಳ ಒಂದನೇ ತಾರೀಕು ಧೂಳು ಹೊಡೆಯೋ ಕೋಲಿಗೆ ಹಳೇ ಬನಿಯನ್ ಸುತ್ಕೊಂಡು ನಾನೇ ನಾಕೂ ಲೆನ್ಸ್ ಒರೆಸ್ತೀನಿ, ಫೋನ್ ನೋಡಿ ಟೈಮ್ ಸರಿ ಮಾಡ್ತೀನಿ. ತಿರುವಿನ ಕ್ಯಾಮೆರಾನ ಕೆಳಗಿಳಿಸಿದೀವಿ, ಗಾಡಿ ಸ್ಲೋ ಆಗೋದು ಅಲ್ಲೇ. ಇನ್ನೊಂದು, ನಮ್ಮ ಡಿಸ್ಕಲ್ಲಿ ಹದಿನೈದು ದಿನದ್ದು ಮಾತ್ರ ಇರುತ್ತೆ, ಆಮೇಲೆ ಹಳೇದರ ಮೇಲೆ ಹೊಸದು ಕೂತ್ಕೊಳ್ಳುತ್ತೆ, ಏನೇ ಆದ್ರೂ ಅವತ್ತೇ ಪೆನ್‌ಡ್ರೈವ್‌ಗೆ ಹಾಕ್ಕೋಬೇಕು.

ವಾಟ್ಸಾಪ್ ಗ್ರೂಪ್ ಕಥೆ ಹೇಳೋಕೆ ನಾಚಿಕೆ ಆಗುತ್ತೆ. ಬೆಡ್‌ಶೀಟ್ ಮಾರೋ ಒಬ್ಬ ಹುಡುಗನ ಫೋಟೋ ತೆಗೆದು ಯಾರೋ "ಅನುಮಾನಾಸ್ಪದ ವ್ಯಕ್ತಿ, ಹುಷಾರ್" ಅಂತ ಹಾಕಿದ್ರು, ಹತ್ತೇ ನಿಮಿಷಕ್ಕೆ ಅದು "ಮಕ್ಕಳ ಕಳ್ಳ" ಆಯ್ತು, ನಾನು ಓಡೋಗಿ ನೋಡಿದ್ರೆ ಎಂಟು ಜನ ಸುತ್ಕೊಂಡು ಗಂಟು ಬಿಚ್ಚಿಸಿ ಬೆಡ್‌ಶೀಟೆಲ್ಲ ಮಣ್ಣಲ್ಲಿ ಹರಡಿದ್ರು. ಆ ಹುಡುಗ ಆಧಾರ್ ಕಾರ್ಡ್ ಹಿಡ್ಕೊಂಡು ನಡುಗ್ತಾ ನಿಂತಿದ್ದ. 2018ರಲ್ಲಿ ಇದೇ ಥರ ವದಂತಿ ನಂಬ್ಕೊಂಡು ಬೆಂಗಳೂರಿನ ಚಾಮರಾಜಪೇಟೆಲಿ ಒಬ್ಬನ್ನ, ಬೀದರ್ ಜಿಲ್ಲೇಲಿ ಇನ್ನೊಬ್ಬನ್ನ ಜನ ಹೊಡೆದು ಸಾಯಿಸಿದ್ದು ನನ್ನ ತಲೇಲಿತ್ತು, ಜೋರಾಗೇ ಕೂಗಾಡ್ದೆ.

ಆ ಭಾನುವಾರ ಬೀಟ್ ಪೊಲೀಸ್ನೋರನ್ನೇ ಕರೆಸಿ ಎಲ್ಲರಿಗೂ ಹೇಳಿಸಿದ್ವಿ. 2017ರಿಂದ ಬಂದ ಬೀಟ್ ಪದ್ಧತೀಲಿ ಒಂದೊಂದು ಬೀಟ್‌ಗೆ ಒಬ್ಬೊಬ್ಬ ಪೊಲೀಸ್ ಇರ್ತಾರೆ, ಅವ್ರ ನಂಬರ್ ಇಸ್ಕೊಳ್ಳಿ. ಅವ್ರು ಹೇಳಿದ್ದು ಇಷ್ಟು: ಜಾಮೀನು ಸುಲಭಕ್ಕೆ ಸಿಗದಂಥ ದೊಡ್ಡ ಅಪರಾಧ ಕಣ್ಣೆದುರೇ ನಡೆದ್ರೆ ಸಾಮಾನ್ಯ ಜನಾನೂ ಹಿಡೀಬಹುದು, ಆದ್ರೆ ಈಗಿನ ಬಿಎನ್‌ಎಸ್‌ಎಸ್ ಅನ್ನೋ ಕಾನೂನಿನ 40ನೇ ಸೆಕ್ಷನ್ ಪ್ರಕಾರ ಆರು ಗಂಟೆ ಒಳಗೆ ಪೊಲೀಸ್ರಿಗೆ ಒಪ್ಪಿಸ್ಲೇಬೇಕು. ಬರೀ ಅನುಮಾನಕ್ಕೆ ಯಾರನ್ನೂ ಹಿಡಿಯೋ ಹಾಗಿಲ್ಲ, 112ಕ್ಕೆ ಫೋನ್ ಮಾಡಿ, ದೂರ ನಿಂತ್ಕೊಂಡು ಗಾಡಿ ನಂಬರ್ ಬರ್ಕೊಳ್ಳಿ. ಅವತ್ತಿಂದ ಗ್ರೂಪಲ್ಲಿ ಯಾರ ಫೋಟೋನೂ ಹಾಕೋ ಹಾಗಿಲ್ಲ.

"ನಾಡಿದ್ದು ಧರ್ಮಸ್ಥಳಕ್ಕೆ ಹೊರಟಿದೀವಿ" ಅಂತ ಹಾಕೋದೂ ಬಂದ್. ಗ್ರೂಪಲ್ಲಿ ನೂರನಲವತ್ತು ಜನ, ಮನೆ ಬಿಟ್ಟು ಹೋದ ಬಾಡಿಗೆಯೋರು, ಬ್ರೋಕರ್‌ಗಳು, ಯಾರ್ಯಾರೋ. ಅದರ ಬದಲು ಜೋಡಿ ಮನೆ ಅಂತ ಮಾಡ್ಕೊಂಡಿದೀವಿ, ಎದುರುಮನೆಗೂ ಪಕ್ಕದ ಮನೆಗೂ ಮಾತ್ರ ಹೇಳೋದು, ಅವ್ರು ಪೇಪರ್ ಹಾಲು ಎತ್ಕೋತಾರೆ, ಬಾಗಿಲ ಮುಂದೆ ನೀರು ಹಾಕಿ ಎರಡೆಳೆ ರಂಗೋಲಿ ಬಿಡ್ತಾರೆ, ಸಂಜೆ ಲೈಟ್ ಹಾಕಿ ಬೆಳಿಗ್ಗೆ ಆರಿಸ್ತಾರೆ. ಗೇಟಿಗೆ ಒಳಗಡೆಯಿಂದ ಬೀಗ. ಜಾಸ್ತಿ ದಿನ ಅಂದ್ರೆ ಬೀಟ್ ಪೊಲೀಸ್ನೋರಿಗೂ ಒಂದು ಮಾತು.

ನಿಜ ಹೇಳ್ಬೇಕು ಅಂದ್ರೆ ನಮ್ಮ ಒಳ್ಳೇ ಕ್ಯಾಮೆರಾ ಹೂವಮ್ಮ. ಬೆಳಿಗ್ಗೆ ಆರಕ್ಕೆಲ್ಲ ಪ್ರತಿ ಮನೆ ಗೇಟಿಗೂ ಹೂವು ಸಿಗಿಸ್ತಾಳೆ, ಯಾರ ಮನೇಲಿ ನಿನ್ನೆ ಹೂವು ಹಾಗೇ ಇದೆ ಅಂತ ಅವಳಿಗೆ ಗೊತ್ತು. ಹೋದ ಶ್ರಾವಣದಲ್ಲಿ "ಅಕ್ಕಾ, ಕೊನೇ ಮನೆ ಅಜ್ಜಿ ಎರಡು ದಿನದಿಂದ ಹೂವು ತಗೊಂಡಿಲ್ಲ" ಅಂದ್ಲು, ಹೋಗಿ ನೋಡಿದ್ರೆ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಏಳೋಕಾಗದೆ ಬಿದ್ದಿದ್ರು, ಸೊಂಟದ ಮೂಳೆ ಮುರಿದಿತ್ತು. ಈಗ ವಾಕರ್ ಹಿಡ್ಕೊಂಡು ಗೇಟ್ ತನಕ ಬರ್ತಾರೆ.

ಈ ದಸರಾಗೆ ಹನ್ನೊಂದು ಮನೆ ಬೀಗ. ಎರಡನೇ ಕ್ಯಾಮೆರಾ ಮತ್ತೆ ಕೆಟ್ಟಿದೆ, ಚಂದಾ ಕೇಳಿ ಮೆಸೇಜ್ ಹಾಕಿ ನಾಕು ದಿನ ಆಯ್ತು, ಬ್ಲೂ ಟಿಕ್ ಬಂದಿದೆ, ದುಡ್ಡು ಬಂದಿಲ್ಲ.