ಫ್ಯಾನು ನಿಂತ ದಿನ ವಿಮಾನ

ಚಿತ್ರದುರ್ಗದಲ್ಲಿ ರಿಮೋಟ್ ವಿಮಾನ ಹಾರಿಸುವವರು ಗಾಳಿಯ ಜೊತೆ ಮೊದಲು ರಾಜಿ ಮಾಡಿಕೊಳ್ಳಬೇಕು. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಸಾಲುಸಾಲು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಅವನ್ನು ನಾವು ಫ್ಯಾನು ಅಂತಲೇ ಕರೆಯೋದು. ಬೆಳಗ್ಗೆ ಎದ್ದು ಮಹಡಿ ಹತ್ತಿ ನೋಡುತ್ತೇನೆ: ಫ್ಯಾನು ನಿಂತಿದ್ದರೆ ಬ್ಯಾಟರಿ ಬ್ಯಾಗಿಗೆ ಹೋಗುತ್ತದೆ. ಅವು ತಿರುಗಲು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದ ಗಾಳಿ ಬೇಕು. ಅಷ್ಟೂ ಇಲ್ಲವೆಂದರೆ ಮುಕ್ಕಾಲು ಕೆ.ಜಿ.ಯ ನನ್ನ ವಿಮಾನಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಆದರೆ ಒಂದು ಫ್ಯಾನು ನಿಂತಿದ್ದರೆ ಸಾಲದು, ರಿಪೇರಿಗೂ ನಿಲ್ಲಿಸಿರುತ್ತಾರೆ. ಸಾಲಿಗೆ ಸಾಲೇ ನಿಂತಿರಬೇಕು.

ಇನ್ನೊಂದು ಸೂಕ್ಷ್ಮ ಇದೆ. ಕೆಲವು ಬೆಳಗ್ಗೆ ನೆಲದ ಮೇಲೆ ಎಲೆ ಅಲುಗುವುದಿಲ್ಲ, ಗುಡ್ಡದ ಮೇಲೆ ಫ್ಯಾನು ಗಿರಗಿರನೆ ತಿರುಗುತ್ತಿರುತ್ತದೆ. ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ಮೇಲಿನದರ ಜೊತೆ ಬೆರೆಯದೆ ನಿಂತುಬಿಡುತ್ತದೆ, ಮೇಲೆ ಮಾತ್ರ ಬೀಸುತ್ತಲೇ ಇರುತ್ತದೆ. ಅಂಥ ದಿನ ವಿಮಾನವನ್ನು ತೆಂಗಿನಮರದ ಎತ್ತರ ದಾಟಿಸುವುದಿಲ್ಲ. ಬಿಸಿಲು ಏರಿ ಎರಡೂ ಬೆರೆತ ಮೇಲಂತೂ ಮನೆಗೆ ಹೊರಡುವುದೇ ಸರಿ. ಆಷಾಢ ಗಾಳಿಪಟದ ಕಾಲ, ನಮ್ಮದಲ್ಲ.

ವಿಮಾನ ನಾನೇ ಕತ್ತರಿಸಿ ಅಂಟಿಸಿದ್ದು. 5 ಮಿ.ಮೀ. ಫೋಮ್ ಬೋರ್ಡ್, ಮೇಲ್ಗಡೆ ರೆಕ್ಕೆ, 2212 ಅಳತೆಯ 1000 ಕೆವಿ ಬ್ರಶ್‌ಲೆಸ್ ಮೋಟರ್, ಮೋಟರಿನ ವೇಗ ನಿಯಂತ್ರಿಸುವ 30 ಆಂಪ್ಸ್ ಇಎಸ್‌ಸಿ, ವಿಮಾನವನ್ನು ತಿರುಗಿಸುವ ಪಟ್ಟಿಗಳನ್ನು ಆಡಿಸುವ 9 ಗ್ರಾಂ ಸರ್ವೋಗಳು, ಮೂರು ಸೆಲ್ಲಿನ 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. 1000 ಕೆವಿ ಎಂದರೆ ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು. ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡ್ ನೋಡಲು ಚೆಂದ, ಆದರೆ ಭಾರ ಜಾಸ್ತಿ, ನಾನು ಮುಟ್ಟುವುದಿಲ್ಲ. ಗ್ಲೂ ಗನ್ನಿನ ಅಂಟೂ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗುತ್ತದೆ. ಹಾಗಾಗಿ ಮೋಟರ್ ಕೂರಿಸುವ ಪ್ಲೈವುಡ್ ತುಂಡಿಗೆ ಮಾತ್ರ ಎಪಾಕ್ಸಿ ಹಾಕಿದ್ದೇನೆ, ವಿಮಾನವನ್ನು ಬಿಸಿಲಿಗೆ ಬಿಡುವುದೂ ಇಲ್ಲ.

ಹೊಲಕ್ಕೆ ಹೋದ ಮೇಲೆ ಮೊದಲ ಕೆಲಸ ತೂಕದ ಸಮತೋಲ ನೋಡುವುದು. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ಅದರ ಅಗಲದ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಮುಂಚೆ, ಎರಡೂ ಕಡೆ ಬೆರಳು ಕೊಟ್ಟು ಎತ್ತುತ್ತೇನೆ. ಮೂತಿ ಒಂಚೂರು ಕೆಳಗೆ ಬಾಗಿದರೆ ಸರಿ. ಬಾಲ ತೂಗಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸುತ್ತೇನೆ. ಬಾಲ ಭಾರದ ವಿಮಾನ ಕೈಬಿಟ್ಟ ಕೂಡಲೇ ಮೂತಿ ಎತ್ತಿ, ನಿಂತು, ನೆಲಕ್ಕೆ ಬರುತ್ತದೆ. ಎಸೆಯುವುದು ಯಾವಾಗಲೂ ಗಾಳಿಗೆ ಎದುರಾಗಿ.

ಕಲಿಯುವವರನ್ನು ನಿಜವಾಗಿ ಕೆಡವುವುದು ತಿರುವು. ವಿಮಾನ ಗಾಳಿಗೆ ಎದುರಾಗಿ ಹೋಗುವಾಗ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ತಿರುಗಿ ಗಾಳಿಯ ಜೊತೆ ಬರುವಾಗ ಹುಚ್ಚು ವೇಗ. ನೋಡುವವನು ಹೆದರಿ ಥ್ರಾಟಲ್ (ಮೋಟರಿನ ವೇಗ) ಇಳಿಸಿ, ಮೂತಿ ಎತ್ತಲು ಎಲಿವೇಟರ್ ಎಳೆಯುತ್ತಾನೆ. ಆದರೆ ರೆಕ್ಕೆಗೆ ಬೇಕಾದದ್ದು ನೆಲದ ಮೇಲಿನ ವೇಗವಲ್ಲ, ತನ್ನ ಮೇಲೆ ಹರಿಯುವ ಗಾಳಿಯ ವೇಗ. ಅದು ಎರಡು ದಿಕ್ಕಿನಲ್ಲೂ ಅಷ್ಟೇ ಇರುತ್ತದೆ. ಇಳಿಸಿದ ಥ್ರಾಟಲ್ಲಿಗೆ ಅದೂ ಕಡಿಮೆಯಾಗಿ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ಒಂದು ರೆಕ್ಕೆ ದಪ್ಪನೆ ಬೀಳುತ್ತದೆ. ತಿರುವಿನಲ್ಲಿ ನಾನು ಥ್ರಾಟಲ್ಲನ್ನು ಇಳಿಸುವ ಬದಲು ಒಂದು ಗೆರೆ ಏರಿಸುತ್ತೇನೆ, ಕಣ್ಣಿಗೆ ಎಷ್ಟೇ ಜೋರಾಗಿ ಕಂಡರೂ.

ವಿಮಾನ ನಮ್ಮ ಕಡೆಗೆ ಬರುವಾಗ ಎಡಬಲ ಅದಲುಬದಲು. ಅದಕ್ಕೆ ಸುಲಭದ ಉಪಾಯ: ಯಾವ ರೆಕ್ಕೆ ಇಳಿದಿದೆಯೋ ಅದೇ ಕಡೆಗೆ ರಿಮೋಟಿನ ಸ್ಟಿಕ್ ತಳ್ಳುವುದು, ಬಿದ್ದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಯೋಚನೆ ಮಾಡುವಷ್ಟು ಪುರುಸೊತ್ತು ಅಲ್ಲಿ ಸಿಗುವುದಿಲ್ಲ.

ಬ್ಯಾಟರಿ ಬಗ್ಗೆ ನಾನು ಸ್ವಲ್ಪ ಮಡಿವಂತ. ತುಂಬಿದಾಗ ಸೆಲ್ಲಿಗೆ 4.2 ವೋಲ್ಟ್, 3.5ಕ್ಕೆ ಬರುವ ಮುಂಚೆ ವಿಮಾನ ಇಳಿಸುವುದು, ವಾರಗಟ್ಟಲೆ ಇಡುವಾಗ 3.8ರ ಹತ್ತಿರ. ಹಾರಿ ಬಂದ ಬಿಸಿ ಬ್ಯಾಟರಿಗೆ ತಕ್ಷಣ ಚಾರ್ಜರ್ ಹಾಕುವುದಿಲ್ಲ. ಊದಿಕೊಂಡದ್ದನ್ನು ಮತ್ತೆ ಬಳಸುವುದೂ ಇಲ್ಲ. ಮನೆಯಲ್ಲಿ ಸರ್ವೋ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಯೇ ಬ್ಯಾಟರಿ ಕನೆಕ್ಟ್ ಮಾಡುವುದು.

ಜಾಗದ ವಿಚಾರ. ಚಳ್ಳಕೆರೆ ಕಡೆ ಬಯಲು ಬೇಕಾದಷ್ಟಿದೆ, ಆದರೆ ಅಲ್ಲೇ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇರುವುದು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು, ತಾನಾಗಿಯೇ ಇಳಿಯುವಂತೆ ಮಾಡಿದ್ದು ಅಲ್ಲೇ. ನಾವು ಆ ದಿಕ್ಕಿಗೇ ಹೋಗುವುದಿಲ್ಲ. ಕೋಟೆಯ ಮೇಲೆ ಹಾರಿಸುವ ಮಾತಂತೂ ಇಲ್ಲವೇ ಇಲ್ಲ. ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಇರುವ ಕಡೆ, ಪರಿಚಯದವರ ಹೊಲ, ಅದೂ ಹೇಳಿ ಕೇಳಿ. 2021ರ ಡ್ರೋನ್ ನಿಯಮ ಹಸಿರು ವಲಯದಲ್ಲಿ 400 ಅಡಿ ಮಿತಿ ಹಾಕಿದೆ. ಈ ಗಾತ್ರದ ವಿಮಾನ ಅಷ್ಟು ಎತ್ತರದಲ್ಲಿ ಯಾವ ಕಡೆ ಮುಖ ಮಾಡಿದೆ ಎಂಬುದೇ ಗೊತ್ತಾಗುವುದಿಲ್ಲ, ಅಲ್ಲಿಗೇಕೆ ಹೋಗಬೇಕು!

ಹೊಲದ ಯಜಮಾನರು ಮೊದಲ ಸಲ ನೋಡಿ ಕೇಳಿದ್ದು, "ಏನಪ್ಪಾ, ಇದು ಔಷ್ದಿ ಹೊಡಿಯೋದಾ?"

"ಇಲ್ಲ ಯಜಮಾನ್ರೇ, ಸುಮ್ನೆ ಹಾರ್ಸೋದು."

"ಸುಮ್ನೇನಾ!" ಅಂದು ಬದುವಿನ ಮೇಲೆ ಕೂತವರು ಬ್ಯಾಟರಿ ಮುಗಿಯುವವರೆಗೂ ಏಳಲಿಲ್ಲ.

ಪಕ್ಕದಲ್ಲಿ ಮೆಕ್ಕೆಜೋಳ ಎದೆಮಟ್ಟ ಬೆಳೆದಿದ್ದರೆ ಇಳಿಸುವಾಗ ಎಚ್ಚರ. ಒಳಗೆ ಬಿದ್ದರೆ ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಬಿದ್ದ ದಿಕ್ಕಿನಲ್ಲಿ ದೂರದ ಮರವೊಂದನ್ನು ಗುರುತಿಟ್ಟುಕೊಂಡು ಸಾಲು ಹಿಡಿದು ನಡೆಯಬೇಕು. ಟ್ರಾನ್ಸ್‌ಮಿಟರ್ (ಕೈಯಲ್ಲಿನ ರಿಮೋಟ್) ಆಫ್ ಮಾಡದೆ, ಥ್ರಾಟಲ್ ಪೂರ್ತಿ ಕೆಳಗಿಟ್ಟು, ಬಾಲದ ಚುಕ್ಕಾಣಿಯಾದ ರಡ್ಡರಿನ ಸ್ಟಿಕ್ ಮಾತ್ರ ಆಡಿಸುತ್ತಾ ಕಿವಿಗೊಟ್ಟರೆ ಸರ್ವೋ ಕಿರ್ ಕಿರ್ ಅನ್ನುವುದು ಕೇಳಿಸುತ್ತದೆ, ಎಲೆ ಸದ್ದು ಮಾಡದೆ ನಿಂತರೆ ಮಾತ್ರ.