ಮೈಲುತುತ್ತ ಕಾಯಿಸಿ ನೋಡಿ: ನೀಲಿ ಹರಳು ಬಿಳಿಯಾಗುವುದು ಹೇಗೆ?

ಅಡುಗೆ ಉಪ್ಪನ್ನು ಬಾಣಲೆಯಲ್ಲಿ ಎಷ್ಟು ಹುರಿದರೂ ಹರಳಿನ ಒಳಗಿನ ಜೋಡಣೆ ಬದಲಾಗುವುದಿಲ್ಲ. 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ತನಕ ಅದು ಹಾಗೇ ಇರುತ್ತದೆ. ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಹಾಗಲ್ಲ. ನೂರು ಡಿಗ್ರಿ ಮುಟ್ಟುವ ಮೊದಲೇ ಅದರೊಳಗೆ ಎಲ್ಲ ಅದಲುಬದಲಾಗತೊಡಗುತ್ತದೆ. ಅದನ್ನು ಬರಿಗಣ್ಣಿನಿಂದಲೇ ನೋಡಬಹುದು. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುವ ಬದಲು ಒಮ್ಮೆ ತೋರಿಸಿಬಿಡಿ.

ಊರಲ್ಲಿ ಅಡಿಕೆ ತೋಟ ಇರುವ ಮುಂಬೈ ಕನ್ನಡಿಗರಿಗೆ ಮೈಲುತುತ್ತ ಹೊಸದಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಹಾಕುವುದು ಇದನ್ನೇ. ಇಲ್ಲಿ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲಿ ಕೇಳಿ. ಮರಾಠಿಯಲ್ಲಿ ‘ಮೋರಚೂದ್’. ಪುಡಿ ಬೇಡ, ಹರಳೇ ಬೇಕು ಅನ್ನಿ.

ಇದು ವಿಷ. ಅಡುಗೆಯ ಪಾತ್ರೆ, ಅಡುಗೆಮನೆಯ ಒಲೆ ಎರಡೂ ಬೇಡ. ಪಿಂಗಾಣಿ ಬಟ್ಟಲು, ಸ್ಪಿರಿಟ್ ದೀಪ, ಗಾಜಿನ ಕಡ್ಡಿ, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ ಇರಲಿ. ದೊಡ್ಡವರು ಜೊತೆಗಿರಲೇಬೇಕು.

ಮೊದಲು ಒಂದು ದೊಡ್ಡ ಹರಳನ್ನು ಬೆಳಕಿಗೆ ಹಿಡಿದು ನೋಡಿ. ಮುಖಗಳೆಲ್ಲ ಓರೆ, ಎಲ್ಲೂ ಲಂಬಕೋನದ ಮೂಲೆ ಸಿಗುವುದಿಲ್ಲ. ಒಳಗಿನ ಜೋಡಣೆಯೇ ಓರೆ, ಅದಕ್ಕೇ ಹೊರಗೂ ಹಾಗೆ. ಒಂದು ತಾಮ್ರಕ್ಕೆ ಒಂದು ಸಲ್ಫೇಟ್ (ಗಂಧಕ, ಆಮ್ಲಜನಕ ಸೇರಿದ ಗುಂಪು), ಐದು ನೀರಿನ ಅಣು. ನಾಲ್ಕು ನೀರು ತಾಮ್ರದ ಸುತ್ತ ಚೌಕವಾಗಿ ನಿಂತಿರುತ್ತವೆ. ಮೇಲೆ, ಕೆಳಗೆ ಸಲ್ಫೇಟಿನ ಆಮ್ಲಜನಕ. ಐದನೆಯ ನೀರು ತಾಮ್ರವನ್ನು ಮುಟ್ಟುವುದೇ ಇಲ್ಲ; ಹೈಡ್ರೋಜನ್ ಬಂಧಗಳ ಮೂಲಕ ಅಕ್ಕಪಕ್ಕದವರನ್ನು ಹಿಡಿದುಕೊಂಡಿರುತ್ತದೆ. ಒರೆಸಿದರೆ ಹೋಗುವ ತೇವ ಇದಲ್ಲ. ಮನೆಗೆ ಕಂಬಗಳಿದ್ದಂತೆ ಹರಳಿಗೆ ಈ ನೀರು.

ಈಗ ಹರಳುಗಳನ್ನು ಸ್ವಲ್ಪ ಜಜ್ಜಿ, 5 ಗ್ರಾಂ ತೂಗಿ ಬಟ್ಟಲಿಗೆ ಹಾಕಿ. ಸಣ್ಣ ಉರಿಯಲ್ಲಿ ಕಾಯಿಸುತ್ತಾ ಕಡ್ಡಿಯಿಂದ ಕೈಯಾಡಿಸಿ. ಚಟಚಟ ಸದ್ದು ಬರುತ್ತದೆ, ಚೂರುಗಳು ಸಿಡಿಯುತ್ತವೆ. ಮೇಲೆ ತಣ್ಣನೆಯ ಗಾಜು ಹಿಡಿದರೆ ಹನಿ ಕೂಡುತ್ತದೆ. ಹರಳಿನೊಳಗಿದ್ದ ನೀರೇ ಅದು.

ನೀರು ಒಂದೇ ಸಲ ಹೋಗುವುದಿಲ್ಲ. ಸುಮಾರು 63 ಡಿಗ್ರಿಯಲ್ಲಿ ಎರಡು, 109ರ ಹೊತ್ತಿಗೆ ಇನ್ನೆರಡು, 200 ದಾಟಿದ ಮೇಲೆ ಕೊನೆಯದು. ಈ ಅಂಕಿಗಳನ್ನು ಕಲ್ಲಿನಲ್ಲಿ ಕೊರೆದದ್ದು ಅಂದುಕೊಳ್ಳಬೇಡಿ. ಎಷ್ಟು ಬೇಗ ಕಾಯಿಸುತ್ತೀರಿ, ಗಾಳಿಯಲ್ಲಿ ತೇವ ಎಷ್ಟಿದೆ ಅನ್ನುವುದರ ಮೇಲೆ ಹೆಚ್ಚು ಕಡಿಮೆ ಆಗುತ್ತವೆ. ತೂಕ ಮಾತ್ರ ಮೋಸ ಮಾಡುವುದಿಲ್ಲ. 5 ಗ್ರಾಂ ಇದ್ದದ್ದು ಮೊದಲ ಹಂತದಲ್ಲಿ 4.28, ಆಮೇಲೆ 3.56, ಕೊನೆಗೆ 3.20 ಗ್ರಾಂ ಆಗಬೇಕು. ತಣಿಸಿ ತೂಗಿ, ಮತ್ತೆ ಕಾಯಿಸಿ ತೂಗಿ. ಎರಡು ಸಲವೂ ಒಂದೇ ತೂಕ ಬಂದರೆ ನೀರೆಲ್ಲ ಹೋಯಿತು ಅಂತ ಲೆಕ್ಕ.

ಪ್ರತಿ ಹಂತದಲ್ಲೂ ಹಳೇ ಜೋಡಣೆ ಮುರಿದು ಹೊಸದು ಕಟ್ಟಿಕೊಳ್ಳುತ್ತದೆ. ಒಂದೇ ನೀರು ಉಳಿದಾಗ ಅದು ಎರಡು ತಾಮ್ರಗಳ ನಡುವೆ ಸೇತುವೆಯಾಗಿ ನಿಂತಿರುತ್ತದೆ. ಮೂಲ ಹರಳಿನಲ್ಲಿ ಅಂಥ ಸೇತುವೆಯೇ ಇರಲಿಲ್ಲ. ಹಾಗಾಗಿ ‘ಐದನೆಯ ನೀರು ಕೊನೆಗೆ ಹೋಗುತ್ತದೆ’ ಎಂದು ಕಲಿಸುವುದು ಅಷ್ಟು ಸರಿಯಲ್ಲ ಎಂದೇ ನನ್ನ ಅನಿಸಿಕೆ. ಅದೂ ಹೋದ ಮೇಲೆ ತಾಮ್ರದ ಸುತ್ತ ಸಲ್ಫೇಟಿನ ಆಮ್ಲಜನಕಗಳು ಮಾತ್ರ. ನೀರಿದ್ದಾಗ ತಾಮ್ರ ಕೆಂಪು ಬೆಳಕನ್ನು ಹೀರುತ್ತಿತ್ತು, ಅದಕ್ಕೇ ಹರಳು ನೀಲಿ ಕಾಣುತ್ತಿತ್ತು. ಈಗ ಅದು ಹೀರುವ ಬೆಳಕು ಕೆಂಪನ್ನೂ ದಾಟಿ, ಕಣ್ಣಿಗೆ ಕಾಣದ ಕಡೆಗೆ ಸರಿಯುತ್ತದೆ. ನೀಲಿ ಮಾಯ. ಪದಾರ್ಥ ಹಿಡಿಯುವ ಜಾಗವೂ ಮೊದಲಿನ ಸುಮಾರು 40 ಶೇಕಡಕ್ಕೆ ಇಳಿಯುತ್ತದೆ. ಅಷ್ಟು ಕುಗ್ಗಿದರೆ ಒಂದೇ ಹರಳಾಗಿ ಉಳಿಯುವುದು ಹೇಗೆ? ಬಿರುಕು ಬಿಟ್ಟು ಪುಡಿಯಾಗುತ್ತದೆ.

ಬೂದು ಮಿಶ್ರಿತ ಬಿಳಿ ಬಂದ ಕೂಡಲೇ ಉರಿ ಆರಿಸಿ. ಕಪ್ಪಾಗತೊಡಗಿದರೆ ಕಾವು ಜಾಸ್ತಿಯಾಗಿದೆ, ತಾಮ್ರದ ಆಕ್ಸೈಡ್ ಆಗುತ್ತಿದೆ ಎಂದರ್ಥ. ಜೊತೆಗೆ ಗಂಟಲು ಸುಡುವ ಗಂಧಕದ ಅನಿಲ ಬರುತ್ತದೆ.

ಪೂರ್ತಿ ತಣಿದ ಪುಡಿಗೆ ಒಂದೊಂದೇ ಹನಿ ನೀರು ಹಾಕಿ. ತಕ್ಷಣ ನೀಲಿ. ಬಟ್ಟಲು ಬಿಸಿಯಾಗುತ್ತದೆ, ಹುಷಾರು. ಬಣ್ಣ ಬಂತು, ಆದರೆ ದೊಡ್ಡ ಹರಳು ಬರುವುದಿಲ್ಲ. ಅದು ಬೇಕಿದ್ದರೆ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಅಲುಗಾಡಿಸದೆ ನಿಧಾನವಾಗಿ ತಣಿಯಲು ಬಿಡಿ.

ಒಳಗಿನ ಜೋಡಣೆ ಬದಲಾಯಿತು ಎಂದು ಬಣ್ಣ ನೋಡಿ ಊಹಿಸಬಹುದು ಅಷ್ಟೆ, ಖಾತ್ರಿಗೆ ಎಕ್ಸ್‌-ರೇ ಬೇಕು. 1912ರಲ್ಲಿ ಮ್ಯೂನಿಕ್‌ನಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಫಾನ್ ಲಾವೆ ಅವರ ಸಲಹೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪ್ಪಿಂಗ್ ಮೊಟ್ಟಮೊದಲು ಎಕ್ಸ್‌-ರೇ ಹಾಯಿಸಿದ್ದು ಮೈಲುತುತ್ತದ ಹರಳಿಗೇ! 1914ರ ನೊಬೆಲ್ ಲಾವೆ ಅವರಿಗೆ ಬಂತು. ಇಂದು ಪುಣೆಯ ಪಾಷಾಣ್‌ನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಂಥ ಕಡೆ ಪುಡಿಯನ್ನೇ ಹೀಗೆ ಪರೀಕ್ಷಿಸುತ್ತಾರೆ. ಒಳಗಿನ ಜೋಡಣೆಗೆ ತಕ್ಕಂತೆ ಕಿರಣಗಳು ಚದುರಿ ಮೂಡುವ ಗೆರೆಗಳು ನೀಲಿ ಪುಡಿಗೂ ಬಿಳಿ ಪುಡಿಗೂ ಬೇರೆ ಬೇರೆ ಜಾಗದಲ್ಲಿ ಬರುತ್ತವೆ.

ಉಳಿದ ಬಿಳಿ ಪುಡಿಯನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿಟ್ಟು ‘ವಿಷ’ ಎಂದು ಚೀಟಿ ಅಂಟಿಸಿ. ಸ್ಪಿರಿಟ್‌ನಲ್ಲಿ ನೀರು ಬೆರೆತಿದೆಯೇ ಎಂದು ನೋಡಲು ಒಂದು ಚಿಟಿಕೆ ಸಾಕು. ಮುಂಬೈ, ಗೋವಾದ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವ ಹೀರಿ ಸುಮ್ನೆ ನೀಲಿಯಾಗಿಬಿಡುತ್ತದೆ. ಬೇಡದ ದ್ರಾವಣವನ್ನು ಸಿಂಕಿಗೋ ಗಟಾರಕ್ಕೋ ಸುರಿಯಬೇಡಿ. ತಾಮ್ರ ಸ್ವಲ್ಪವೇ ಇದ್ದರೂ ಮೀನಿಗೆ ವಿಷ. ಒಣಗಿಸಿ ಹರಳು ಮಾಡಿಟ್ಟುಕೊಂಡರೆ ಮುಂದಿನ ಸಲಕ್ಕೂ ಆಗುತ್ತದೆ.